ಸಂತರ ತಿಥಿಯೂ ನಾಡಿನ ಋತುವೂ

ಪ್ರತಿಯೊಂದು ಹಬ್ಬಕ್ಕೂ ಎರಡು ಆಧಾರಗಳಿರುತ್ತವೆ. ಒಂದು ಪಂಚಾಂಗದ ತಿಥಿ. ಇನ್ನೊಂದು ಕಾಲಡಿಯ ನೆಲ. ಇವೆರಡೂ ಹೊಂದಿಕೊಂಡರೆ ಹಬ್ಬ ತಾನಾಗಿ ಸಾಗುತ್ತದೆ. ಹೊಂದಿಕೊಳ್ಳದಿದ್ದರೆ ಜನರು ಏನು ಮಾಡಬೇಕು? ತಿಥಿಯನ್ನು ಹಿಡಿಯಬೇಕೋ, ಋತುವನ್ನು ಹಿಡಿಯಬೇಕೋ? ಊರನ್ನು ಬಿಟ್ಟು ದೆಹಲಿಯಲ್ಲಿ ನೆಲೆಸಿದ ನಮಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಇದಕ್ಕೆ ಉತ್ತರವನ್ನು ಕ್ಯಾಥೊಲಿಕ್ ಕ್ರೈಸ್ತರ ಸಂತರ ಹಬ್ಬಗಳಲ್ಲಿ ಹುಡುಕೋಣ. ಏಕೆಂದರೆ ಆ ಹಬ್ಬಗಳ ತಿಥಿಗಳು ಗೊತ್ತಾದುದು ದೂರದೇಶದಲ್ಲಿ. ತೇರು ಉರುಳಬೇಕಾದುದು ಮಾತ್ರ ನಮ್ಮ ನಾಡಿನ ಮಣ್ಣಿನಲ್ಲಿ.

ಒಂದು ಊರನ್ನೋ ದೇವಾಲಯವನ್ನೋ ಕಾಯುವವನೆಂದು ಜನರು ನಂಬಿದ ಸಂತನಿಗೆ ಪಾಲಕ ಸಂತನೆಂದು ಹೆಸರು. ಅವನ ಹಬ್ಬ ಸಾಮಾನ್ಯವಾಗಿ ಅವನು ಹುಟ್ಟಿದ ದಿನವಲ್ಲ, ತೀರಿಕೊಂಡ ದಿನ. ಸಂತನ ಮರಣವೇ ಸ್ವರ್ಗದಲ್ಲಿ ಅವನ ಜನನವೆಂಬುದು ಅವರ ಭಾವನೆ. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಹುಟ್ಟಿದ ಸಂತ ಅಂತೋಣಿಯವರು 1231ನೆಯ ಇಸವಿ ಜೂನ್ 13ರಂದು ಇಟಲಿಯ ಪಾದುವದಲ್ಲಿ ತೀರಿಕೊಂಡರು. ಆದುದರಿಂದ ಜೂನ್ 13 ಅವರ ಹಬ್ಬ. ಸಂತ ಲಾರೆನ್ಸರು 258ರಲ್ಲಿ ರೋಮಿನಲ್ಲಿ ಪ್ರಾಣಾರ್ಪಣೆ ಮಾಡಿದರು. ಅವರ ದಿನ ಆಗಸ್ಟ್ 10. ಈ ನಿಯಮಕ್ಕೆ ಮುಖ್ಯವಾದ ಅಪವಾದಗಳು ಎರಡು: ಸ್ನಾನಿಕ ಯೋಹಾನರಿಗೆ ಜೂನ್ 24ರಂದು, ಮೇರಿ ಮಾತೆಗೆ ಸೆಪ್ಟೆಂಬರ್ 8ರಂದು ಜನ್ಮದಿನದ ಹಬ್ಬಗಳೂ ಉಂಟು.

ಇಟಲಿಯಲ್ಲಿ ಜೂನಿನಿಂದ ಆಗಸ್ಟಿನವರೆಗೆ ಬೇಸಿಗೆ. ದಕ್ಷಿಣದಲ್ಲಿಯಂತೂ ಆಗ ಮಳೆ ಬಲು ಅಪರೂಪ. ಸಂಜೆ ಬಹುಹೊತ್ತಿನವರೆಗೆ ಬೆಳಕಿರುತ್ತದೆ. ಮೆರವಣಿಗೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನೇಪಲ್ಸ್ ನಗರದ ಸಮೀಪದಲ್ಲಿ ನೋಲ ಎಂಬ ಚಿಕ್ಕ ಪಟ್ಟಣವಿದೆ. 431ರ ಜೂನ್ 22ರಂದು ತೀರಿಕೊಂಡ ಸಂತ ಪೌಲಿನುಸರು ಅಲ್ಲಿಯ ಪಾಲಕರು. ಸೆರೆಯಿಂದ ಮರಳಿದ ಅವರನ್ನು ಊರವರು ಲಿಲ್ಲಿ ಹೂಗಳನ್ನು ಹಿಡಿದು ಎದುರುಗೊಂಡರೆಂದು ಐತಿಹ್ಯ. ಅದರ ನೆನಪಿಗಾಗಿ ಸುಮಾರು 25 ಮೀಟರು ಎತ್ತರದ ಎಂಟು ಮರದ ಗೋಪುರಗಳನ್ನು ಕಟ್ಟಿ, ಹೆಗಲ ಮೇಲೆ ಹೊತ್ತು, ಓಣಿ ಓಣಿಗಳಲ್ಲಿ ಮೆರೆಸುತ್ತಾರೆ. ಲಿಲ್ಲಿಗಳೆಂದೇ ಅವುಗಳ ಹೆಸರು. ತರಕಾರಿ ಬೆಳೆಯುವವರು, ರೊಟ್ಟಿ ಸುಡುವವರು, ಕಮ್ಮಾರರು, ದರ್ಜಿಗಳು, ಪಾದರಕ್ಷೆ ಹೊಲಿಯುವವರು — ಹೀಗೆ ಒಂದೊಂದು ಗೋಪುರವೂ ಒಂದೊಂದು ಕಸುಬಿನ ಹೆಸರಿನಲ್ಲಿ ನಡೆದುಬಂದಿದೆ. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಇಟಲಿಯ ಇಂತಹ ಹೆಗಲ ಮೆರವಣಿಗೆಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೇ ತಿಥಿಗಳು ಕಡಲು ದಾಟಿ ನಮ್ಮ ನಾಡಿಗೆ ಬಂದಾಗ ಋತು ಬದಲಾಯಿತು. ಇಟಲಿಯ ಬೇಸಿಗೆಯೆಂದರೆ ಕರ್ನಾಟಕದ ಮಳೆಗಾಲ. ಈ ತೊಡಕಿಗೆ ನಮ್ಮವರು ಮೂರು ಬಗೆಯ ಪರಿಹಾರಗಳನ್ನು ಕಂಡುಕೊಂಡರು.

ಮೊದಲನೆಯದು, ತಿಥಿಯನ್ನು ಬಿಡದಿರುವುದು. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಬಳಿ ಇರುವ ಡೋರನಹಳ್ಳಿಯೇ ಇದಕ್ಕೆ ನಿದರ್ಶನ. ರೈತನೊಬ್ಬನು ಹೊಲ ಉಳುತ್ತಿದ್ದಾಗ ಸಂತ ಅಂತೋಣಿಯವರ ಮರದ ಪ್ರತಿಮೆ ದೊರೆಯಿತೆಂದು ಅಲ್ಲಿಯ ಜನ ಹೇಳುತ್ತಾರೆ. ಜೂನ್ 13ರಂದು ಮುಂಗಾರಿನ ಮೋಡಗಳ ಕೆಳಗೇ ಅಲ್ಲಿ ತೇರು ಸಾಗುತ್ತದೆ. ಕ್ರೈಸ್ತರಷ್ಟೇ ಅಲ್ಲದೆ ಸುತ್ತಣ ಊರುಗಳ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ನೇಗಿಲಿಗೆ ಸಿಕ್ಕಿದ ಸಂತನಿಗೆ ಉಳುಮೆಯ ಕಾಲದಲ್ಲಿಯೇ ಹಬ್ಬವಾಗುವುದು ರೈತಾಪಿ ಜನರಿಗೆ ಅಸಂಗತವೆಂದು ತೋರಿರಲಾರದು.

ಎರಡನೆಯದು, ತಿಥಿಯನ್ನು ಬಿಟ್ಟು ಋತುವನ್ನು ಹಿಡಿಯುವುದು. ಉಡುಪಿ ಜಿಲ್ಲೆಯ ಕಾರ್ಕಳದ ಬಳಿಯ ಅತ್ತೂರಿನಲ್ಲಿ ಸಂತ ಲಾರೆನ್ಸರ ದೇವಾಲಯವಿದೆ. 2016ರಲ್ಲಿ ಅದಕ್ಕೆ ಬಸಿಲಿಕದ ಪದವಿ ದೊರೆಯಿತು. ಸಂತರ ದಿನ ಆಗಸ್ಟ್ 10 ಎಂದು ಮೇಲೆ ಹೇಳಿದೆವಷ್ಟೆ. ಆದರೆ ಕರಾವಳಿಯಲ್ಲಿ ಆಗ ಮಳೆ ಬಿಟ್ಟೂಬಿಡದೆ ಸುರಿಯುತ್ತಿರುತ್ತದೆ, ದಾರಿಯೆಲ್ಲ ಕೆಸರು. ಅತ್ತೂರಿನ ದೊಡ್ಡ ಜಾತ್ರೆ ನಡೆಯುವುದು ಜನವರಿಯಲ್ಲಿ. ಆಗ ಆಕಾಶ ತಿಳಿಯಾಗಿರುತ್ತದೆ; ಬಯಲಿನಲ್ಲಿ ಅಂಗಡಿಗಳನ್ನು ಹೂಡಬಹುದು, ದೂರದವರು ಬಂದು ಸೇರಬಹುದು. ಹಲವು ದಿನಗಳ ಆ ಉತ್ಸವಕ್ಕೆ ಜನರು ‘ಅತ್ತೂರು ಸಾಂತ್‌ಮಾರಿ’ ಎನ್ನುತ್ತಾರೆ. ನಾವಿರುವ ಈ ಉತ್ತರದೇಶದಲ್ಲಿಯೂ ಋತುವಿನ ಮಾತು ನಡೆಯುತ್ತದೆ. ಮೀರತ್ತಿನ ಸಮೀಪದ ಸರಧಾನಾದಲ್ಲಿ ಬೇಗಂ ಸಮರೂ ಕಟ್ಟಿಸಿದ, 1822ರಲ್ಲಿ ಪೂರ್ಣಗೊಂಡ ಮಾತೆಯ ದೇವಾಲಯವಿದೆ. ಅಲ್ಲಿಯ ಮಹಾಯಾತ್ರೆ ನಡೆಯುವುದು ನವೆಂಬರಿನಲ್ಲಿ. ಬಿಸಿಲಿನ ಉರಿ ಇಳಿದು ಕಡುಚಳಿ ಇನ್ನೂ ಹತ್ತಿರದ ಕಾಲವದು.

ಮೂರನೆಯದು ಎಲ್ಲಕ್ಕಿಂತಲೂ ಚೆಲುವಾದುದು: ತಿಥಿಯನ್ನೂ ಉಳಿಸಿ, ಋತುವನ್ನೇ ಹಬ್ಬದೊಳಕ್ಕೆ ಕರೆದುಕೊಳ್ಳುವುದು. ಗೋವೆಯಲ್ಲಿ ಜೂನ್ 24ರಂದು ಹೂಹಣ್ಣುಗಳ ಮಾಲೆಯನ್ನು ತಲೆಗೆ ಸುತ್ತಿಕೊಂಡ ತರುಣರು ಮಳೆನೀರಿನಿಂದ ತುಂಬಿದ ಬಾವಿಗಳಿಗೆ ಧುಮುಕುತ್ತಾರೆ. ತಾಯ ಗರ್ಭದಲ್ಲಿಯೇ ಯೋಹಾನರು ಹರ್ಷದಿಂದ ನಲಿದರೆಂಬ ಕಥೆಗೆ ಆ ಜಿಗಿತ ಸಂಕೇತ. ಮಂಗಳೂರಿನ ಕಡೆಯ ಮೊಂತಿ ಹಬ್ಬವೂ ಇಂತಹುದೇ. ಫರಂಗಿಪೇಟೆಯಲ್ಲಿ 1763ರಲ್ಲಿ ಪಾದ್ರಿ ಜೋಕಿಂ ಮಿರಾಂದರು ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಸೆಪ್ಟೆಂಬರ್ 8ಕ್ಕೆ ಹಿಂದಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂವನ್ನು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಮಂತ್ರಿಸಿ ಮನೆಮನೆಗೆ ಹಂಚುತ್ತಾರೆ. ಆ ಕಾಳನ್ನು ಸುಲಿದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಮಂದಿಯೆಲ್ಲ ಸವಿಯುತ್ತಾರೆ. ಅಂದಿನ ಊಟದಲ್ಲಿ ಮೀನುಮಾಂಸಗಳಿಲ್ಲ. ನಮ್ಮ ಹೊಸ ಅಕ್ಕಿ ಹಬ್ಬವನ್ನು ಬಲ್ಲವರಿಗೆ ಇದರ ಗುರುತು ಹೇಳಬೇಕಾಗಿಲ್ಲ.

ಈಗ ದೆಹಲಿಯ ಮಾತು. ಜೂನ್ 13ರಂದು ಇಲ್ಲಿ ಮುಂಗಾರೂ ಇಲ್ಲ, ಇಟಲಿಯ ಹಿತವಾದ ಸಂಜೆಯೂ ಇಲ್ಲ. ಬಿಸಿಲು 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಯಾವ ಮತದವರೇ ಆಗಲಿ, ಇಲ್ಲಿಯ ಕನ್ನಡಿಗರು ಎಷ್ಟೋ ಹಬ್ಬಗಳನ್ನು ರಜೆ ನೋಡಿ ಭಾನುವಾರಕ್ಕೆ ಸರಿಸಿಕೊಳ್ಳುತ್ತಾರೆ. “ತಿಥಿ ತಪ್ಪಿದ ಮೇಲೆ ಹಬ್ಬವೆಲ್ಲಿ ಬಂತು?” ಎಂದು ಮನೆಯ ಹಿರಿಯರು ನೊಂದುಕೊಳ್ಳುತ್ತಾರೆ. ಅವರ ನೋವು ಹುಸಿಯಲ್ಲ. ತಿಥಿಯೆಂದರೆ ಊರಿನವರೆಲ್ಲ ಒಂದೇ ದಿನ ಒಂದೇ ಕಡೆ ಮುಖಮಾಡುವ ಒಪ್ಪಂದ. ಅದನ್ನು ಮುರಿದಾಗ ದೂರದಲ್ಲಿರುವವನು ಇನ್ನಷ್ಟು ದೂರವಾಗುತ್ತಾನೆ. ಆದರೂ ಅತ್ತೂರು ನಮಗೆ ಧೈರ್ಯ ಹೇಳುತ್ತದೆ. ದಿನ ಸರಿದರೂ ಅಲ್ಲಿ ಹಬ್ಬ ಕ್ಷೀಣಿಸಲಿಲ್ಲ. ಜನರು ಬಂದು ಸೇರುವುದನ್ನು ನಿಲ್ಲಿಸಲಿಲ್ಲ.

ಹಾಗಾದರೆ ಸರಿಸಬಾರದುದು ಯಾವುದು? ನೋಲದ ಗೋಪುರವನ್ನು ಹೊರುವ ಹೆಗಲು, ಡೋರನಹಳ್ಳಿಯ ಹರಕೆ, ಮೊಂತಿ ಹಬ್ಬದಲ್ಲಿ ಹೂವು ಹಿಡಿದ ಮಗುವಿನ ಕೈ — ಇವನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಹಬ್ಬದಲ್ಲಿ ಪ್ರತಿಯೊಬ್ಬನಿಗೂ ಒಂದು ಕೆಲಸವಿರಬೇಕು. ಎಲ್ಲವನ್ನೂ ಕೂಲಿಗೆ ಕೊಟ್ಟು ನಾವು ಕುರ್ಚಿಯಲ್ಲಿ ಕುಳಿತು ನೋಡಿದರೆ, ಸರಿಯಾದ ತಿಥಿಯಲ್ಲಿ ನಡೆದರೂ ಅದು ಹಬ್ಬವಲ್ಲ. ಮೊಂತಿ ಹಬ್ಬದ ಕಾಳನ್ನು ಪರಊರಿನಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸುವ ಮನೆಗಳುಂಟು. ಆ ಲಕೋಟೆ ತಲಪುವ ವೇಳೆಗೆ ತಿಥಿ ಕಳೆದಿರಬಹುದು. ಆದರೂ ಹಬ್ಬ ಅದರೊಳಗಿರುತ್ತದೆ.

ವಿದ್ಯಾರ್ಥಿಗಳೇ, ಈ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜ ಅಜ್ಜಿಯರನ್ನು ಮೂರು ಪ್ರಶ್ನೆಗಳನ್ನು ಕೇಳಿರಿ: ನಮ್ಮೂರಿನ ಹಬ್ಬ ಯಾವ ದಿನ? ಆಗ ಹೊಲದಲ್ಲಿ ಯಾವ ಬೆಳೆಯಿರುತ್ತದೆ? ತೇರಿನ ಹಗ್ಗವನ್ನು ಎಳೆಯುವವರು ಯಾರು? ಉತ್ತರಗಳನ್ನು ಬರೆದು ತನ್ನಿರಿ. ಮೂರನೆಯ ಉತ್ತರದಲ್ಲಿ ನಿಮ್ಮ ಮನೆತನದ ಹೆಸರು ಬಂದರೆ, ಮುಂದಿನ ವರ್ಷ ಆ ಹಗ್ಗಕ್ಕೆ ನೀವೂ ಕೈ ಹಚ್ಚಬೇಕೆಂಬುದನ್ನು ಮರೆಯಬೇಡಿರಿ.