ಕೊಂಡು ತಂದ ಬೆಕ್ಕು, ಕೈಬಿಟ್ಟ ಬೆಕ್ಕು

ಪಟ್ಟಣದ ಧರ್ಮಕೇಂದ್ರಗಳಲ್ಲಿ ಮನೆ ಭೇಟಿಗೆ ಹೋದಾಗ ಈಚಿನ ವರ್ಷಗಳಲ್ಲಿ ಹೊಸ ಅತಿಥಿಯೊಂದರ ದರ್ಶನವಾಗುತ್ತದೆ. ಸೋಫಾದ ಮೇಲೆ ಮಲಗಿದ, ಚಪ್ಪಟೆ ಮುಖದ, ನೀಳ ಕೂದಲಿನ ಪರ್ಷಿಯನ್ ಬೆಕ್ಕು. ಮಗಳ ಹುಟ್ಟುಹಬ್ಬಕ್ಕೋ ಪ್ರಥಮ ಪರಮಪ್ರಸಾದದ ಕೊಡುಗೆಯಾಗಿಯೋ ಸಾವಿರಾರು ರೂಪಾಯಿ ಕೊಟ್ಟು ತಂದದ್ದು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಕೆಲವು ಮನೆಗಳಲ್ಲಿ ಅದರ ಜಾಗ ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮೆಟ್ಟಿಲ ಕೆಳಕ್ಕೆ ಇಳಿಯುತ್ತದೆ. ಕೊನೆಗೊಂದು ದಿನ ಯಾವುದೋ ಮೀನು ಮಾರುಕಟ್ಟೆಯ ಬಳಿ ಅದನ್ನು ಬಿಟ್ಟು ಬರುತ್ತಾರೆ.

ಇಂಥ ಒಂದು ಬೆಕ್ಕನ್ನು ಎತ್ತಿಕೊಂಡು ಬಂದು ಸಾಕುತ್ತಿದ್ದ ತಾಯಿಯೊಬ್ಬರು ಕೇಳಿದರು: “ಫಾದರ್, ಬಡವರಿರುವ ಊರಿನಲ್ಲಿ ಬೆಕ್ಕಿನ ಔಷಧಿಗೆ ದುಡ್ಡು ಸುರಿಯುವುದು ಪಾಪವಲ್ಲವೇ?”

ಪ್ರಶ್ನೆ ನ್ಯಾಯವಾದದ್ದೇ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2418ನೇ ಪರಿಚ್ಛೇದದಲ್ಲಿ ಎರಡು ಮಾತನ್ನೂ ಹೇಳುತ್ತದೆ. ಪ್ರಾಣಿಗಳನ್ನು ವೃಥಾ ನರಳಿಸುವುದು ಮನುಷ್ಯನ ಘನತೆಗೆ ಸಲ್ಲದು. ಬಡವರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಚೆಲ್ಲುವುದೂ ಸಲ್ಲದು. ಪ್ರಾಣಿಪ್ರಿಯರು ಮೊದಲ ಮಾತನ್ನು ಹಿಡಿಯುತ್ತಾರೆ, ಪ್ರಾಣಿ ಬೇಡವಾದವರು ಎರಡನೆಯದನ್ನು. ನನ್ನ ಮಟ್ಟಿಗೆ, ಎರಡನೆಯ ಮಾತು ಮೊದಲು ತಟ್ಟಬೇಕಾದದ್ದು ಬೆಕ್ಕನ್ನು ಕೊಳ್ಳಲು ಅಂಗಡಿಯಲ್ಲಿ ಎಣಿಸಿದ ಹಣಕ್ಕೆ. ಗಾಯಕ್ಕೆ ಹಚ್ಚುವ ಮುಲಾಮಿನ ಹಣ ಬೇರೆ ಲೆಕ್ಕ.

ಏಕೆ ಬೇರೆ? ನಮ್ಮ ಹಿತ್ತಲಿನ ನಾಟಿ ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ಗೋಡೆ ಹಾರುತ್ತದೆ, ಇಲಿ ಹಿಡಿಯುತ್ತದೆ. ಪರ್ಷಿಯನ್ ಬೆಕ್ಕಿನ ಇಂದಿನ ರೂಪ ಹಾಗಲ್ಲ. ಅದು ಮನುಷ್ಯ ಆರಿಸಿ ಆರಿಸಿ ತಳಿ ಮಾಡಿದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರಲ್ಲಿ ನಡೆದ ಬೆಕ್ಕಿನ ಪ್ರದರ್ಶನದಲ್ಲೇ ಪರ್ಷಿಯನ್ ಬೆಕ್ಕುಗಳಿದ್ದವು. ಆಮೇಲೆ ಬಂದ ತಲೆಮಾರುಗಳಲ್ಲಿ ಮುಖ ಇನ್ನಷ್ಟು ಚಪ್ಪಟೆಯಾಯಿತು. ನಮಗೆ ಅದು ಮುದ್ದು. ಬೆಕ್ಕಿಗಾದರೋ ಉಸಿರು ಕಟ್ಟುತ್ತದೆ, ಬಿಸಿಲು ತಡೆಯದು, ಕಣ್ಣೀರು ಹರಿದು ಕೆನ್ನೆ ಹುಣ್ಣಾಗುತ್ತದೆ. ದಿನವೂ ಬಾಚದಿದ್ದರೆ ಕೂದಲು ಜಡೆಗಟ್ಟಿ, ಅದರಡಿಯಲ್ಲಿ ಚರ್ಮ ಕೊಳೆಯುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ವಂಶಪಾರಂಪರ್ಯ ರೋಗವೂ ಈ ತಳಿಯಲ್ಲಿ ಹೆಚ್ಚು. ತನ್ನನ್ನು ತಾನು ನೋಡಿಕೊಳ್ಳಲಾರದ ಜೀವವನ್ನು ನಮ್ಮ ಕಣ್ಣಿನ ಸುಖಕ್ಕಾಗಿ ರೂಪಿಸಿ ಬೀದಿಗೆ ಬಿಟ್ಟರೆ, ಅದನ್ನು ಮರಳಿ ಎತ್ತಿಕೊಳ್ಳುವುದು ಬರಿಯ ಕನಿಕರವಲ್ಲ, ಸಾಲ ತೀರಿಸುವಿಕೆ. ಪ್ರಾಣಿಗೆ ಮನುಷ್ಯನಂತೆ ಹಕ್ಕುಗಳುಂಟೇ ಎಂದು ಗುರುಮಠದಲ್ಲಿ ನಾವು ಗಂಟೆಗಟ್ಟಲೆ ವಾದಿಸಿದ್ದುಂಟು. ಆ ವಾದ ಇಲ್ಲಿ ಬೇಡ. ಸೃಷ್ಟಿಕರ್ತನಿಗೆ ಲೆಕ್ಕ ಒಪ್ಪಿಸಬೇಕಾದವರು ನಾವು ಎಂಬುದಷ್ಟೇ ಸಾಕು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಸಾಕುಪ್ರಾಣಿಯನ್ನು ಹಸಿವಿಗೆ ಬಿಟ್ಟು ಕೈತೊಳೆಯುವುದು ಅಪರಾಧ. ಮೊದಲ ತಪ್ಪಿಗೆ ಅದು ಬರೆದ ದಂಡ 10ರಿಂದ 50 ರೂಪಾಯಿ! ಇಷ್ಟು ಅಗ್ಗದ ದಂಡವಿರುವಲ್ಲಿ ಮನಸ್ಸಾಕ್ಷಿಯೇ ಕೆಲಸ ಮಾಡಬೇಕು.

(ಶ್ರೀಗ್ರಂಥದಲ್ಲಿ ಬೆಕ್ಕಿಲ್ಲ ಎನ್ನುವವರುಂಟು. ಬಾರೂಕನ ಗ್ರಂಥದ 6ನೇ ಅಧ್ಯಾಯ ತೆರೆದು ನೋಡಿ. ವಿಗ್ರಹಗಳ ಮೇಲೆ ಅದು ನಿರಾತಂಕವಾಗಿ ಕೂತಿದೆ.)

ಇಂಥ ಬೆಕ್ಕು ನಿಮ್ಮ ಕೈಗೆ ಸಿಕ್ಕರೆ ಮೊದಲು ಪಶುವೈದ್ಯರ ಬಳಿಗೆ ಒಯ್ಯಿರಿ. ಕೊಳಕಾಗಿದೆಯೆಂದು ಸ್ನಾನ ಮಾಡಿಸಬೇಡಿ. ನೀರು ಬಿದ್ದರೆ ಜಡೆ ಮತ್ತಷ್ಟು ಬಿಗಿಯುತ್ತದೆ. ಕತ್ತರಿಯನ್ನೂ ಹಾಕಬೇಡಿ, ಚರ್ಮ ಜಡೆಯೊಳಗೆ ಎಳೆದುಕೊಂಡಿರುವುದರಿಂದ ಕೂದಲಿನ ಜೊತೆ ಅದೂ ಕತ್ತರಿಸಿಹೋಗುತ್ತದೆ. ವೈದ್ಯರು ಯಂತ್ರದಿಂದ ಬೋಳಿಸುತ್ತಾರೆ. ಹುಳುಕಡ್ಡಿ ಮಕ್ಕಳಿಗೂ ಅಂಟುವುದರಿಂದ ಎರಡು ವಾರವಾದರೂ ಬೇರೆ ಕೋಣೆಯಲ್ಲಿರಲಿ. ಎರಡು ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಪಿತ್ತಜನಕಾಂಗ ಬೇಗ ಕೆಡುತ್ತದೆ. ಮೊಸರನ್ನದ ಮೇಲೆಯೇ ಬೆಕ್ಕು ಬಾಳದು. ಮಾಂಸ ಮೀನುಗಳಲ್ಲಿರುವ ಟಾರೀನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟೀರಿ, ಜೋಕೆ! ಅರ್ಧ ಮಾತ್ರೆ ಸಾಕು ಕೊಲ್ಲಲು. ಪೀಠದ ಅಲಂಕಾರ ಮುಗಿದ ಮೇಲೆ ಮನೆಗೆ ಒಯ್ಯುವ ಲಿಲ್ಲಿ ಹೂವೂ ಬೆಕ್ಕಿಗೆ ವಿಷ. ಅದರ ಪರಾಗವನ್ನು ನೆಕ್ಕಿದರೂ ಮೂತ್ರಪಿಂಡ ನಿಲ್ಲಬಹುದು.

ಖರ್ಚಿನ ಮಿತಿ? ಮಕ್ಕಳ ಶಾಲೆಯ ಶುಲ್ಕ, ಅತ್ತೆ ಮಾವಂದಿರ ಔಷಧಿ, ಬಡವರಿಗೆಂದು ತೆಗೆದಿಟ್ಟ ಕಾಣಿಕೆ, ಇವುಗಳಿಗೆ ಕೈಹಾಕದಂತೆ ಎಷ್ಟಾಗುತ್ತದೋ ಅಷ್ಟು. ಉಳಿದದ್ದಕ್ಕೆ ನಾಲ್ಕು ಮನೆಯವರು ಕೂಡಿಕೊಳ್ಳಬಹುದು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳ ಸಲಹೆ ಕೇಳಬಹುದು. ಗುಣವಾಗದ ನರಳಾಟವಾದರೆ ವೈದ್ಯರ ಕೈಯಿಂದ ನೋವಿಲ್ಲದೆ ಅದರ ಜೀವ ಮುಗಿಸುವುದು ಪಾಪವಲ್ಲ. ಮನುಷ್ಯನ ವಿಷಯದಲ್ಲಿ ಹೇಳುವ ಮಾತನ್ನು ಇಲ್ಲಿಗೆ ತಂದು ಯಾರೂ ಮನಸ್ಸು ಕೊರೆದುಕೊಳ್ಳಬೇಕಾಗಿಲ್ಲ.

ಗುಣವಾದ ಬೆಕ್ಕಿಗೆ ಮನೆ ಹುಡುಕುವಾಗಲೇ ನಿಜವಾದ ಪರೀಕ್ಷೆ. ಪರ್ಷಿಯನ್ ಬೆಕ್ಕು ಪುಕ್ಕಟೆ ಎಂದರೆ ಬೇಡುವವರಿಗೆ ಕೊರತೆಯಿಲ್ಲ. ಮರಿ ಹಾಕಿಸಿ ಮಾರುವ ಆಸೆಯವರೂ ಅವರಲ್ಲಿರುತ್ತಾರೆ. ಆದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಯಾರಿಗೂ ಕೊಡಬೇಡಿ, ಅವರು ನಿಮ್ಮ ಅಣ್ಣತಮ್ಮಂದಿರಾದರೂ ಸರಿಯೇ. ಅದರ ರೋಗ, ವಯಸ್ಸು, ಕೆಟ್ಟ ಅಭ್ಯಾಸಗಳನ್ನು ಮುಚ್ಚಿಡಬೇಡಿ. ಸುಳ್ಳು ಹೇಳಿ ಕೊಟ್ಟ ಬೆಕ್ಕು ಮತ್ತೆ ಅದೇ ಮೆಟ್ಟಿಲ ಕೆಳಕ್ಕೆ ಬರುತ್ತದೆ. ದಿನವೂ ಬಾಚುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಹೊಂದಿಕೆಯಾಗದಿದ್ದರೆ ನಮ್ಮ ಮನೆಗೇ ತಂದು ಬಿಡಿ, ಇನ್ನೊಬ್ಬರ ಕೈಗೆ ದಾಟಿಸಬೇಡಿ ಎಂಬ ಮಾತನ್ನೂ ಮೊದಲೇ ಹೇಳಿ ಕಳುಹಿಸಿ.