ಕೊಂಡು ಮಾರುವ ಮುನ್ನ ವೀಸಾ ನೋಡಿ

ಲೀಡ್ಸ್‌ನ ಹೆಡಿಂಗ್ಲಿ, ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್ ಕಡೆ ಹೋದರೆ ಚಾರಿಟಿ ಅಂಗಡಿಗಳು ಸಿಗುತ್ತವೆ. ಚಳಿಗಾಲದ ಕೋಟು, ಪಾತ್ರೆ, ಪುಸ್ತಕ ಎಲ್ಲಾ ಅಗ್ಗ. ಅಲ್ಲಿ 5 ಪೌಂಡಿಗೆ ಸಿಕ್ಕ ಕೋಟನ್ನು ವಿಂಟೆಡ್‌ನಲ್ಲೋ ಈಬೇನಲ್ಲೋ 20ಕ್ಕೆ ಮಾರಿದ್ರೆ ಹೇಗೆ ಅಂತ ಅನಿಸೋದು ಸಹಜ. ಆದರೆ ಕೆಲವು ವಿಷಯ ಮೊದಲೇ ತಿಳಿದಿರೋಣ.

ಯಾವುದು ವ್ಯಾಪಾರ? ನಾವು ತೊಟ್ಟ ಬಟ್ಟೆ, ಓದಿ ಮುಗಿಸಿದ ಪುಸ್ತಕ ಮಾರುವುದು ವ್ಯಾಪಾರವಲ್ಲ. ಲಾಭಕ್ಕೆಂದೇ ಪದೇ ಪದೇ ಕೊಂಡು ಮಾರಿದರೆ ಅದು ವ್ಯಾಪಾರ.

ವೀಸಾ ಏನು ಹೇಳುತ್ತದೆ? ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯಾಪಾರಕ್ಕೆ ಅವಕಾಶವಿಲ್ಲ. "ವಾರಕ್ಕೆ 20 ಗಂಟೆ ಇದೆಯಲ್ಲಾ" ಅನ್ನಬೇಡಿ, ಅದು ಸಂಬಳದ ಕೆಲಸಕ್ಕೆ. ಷರತ್ತು ಮುರಿದರೆ ವೀಸಾ ರದ್ದಾಗಬಹುದು. ಓದು ಮುಗಿಸಿ ಗ್ರಾಜುಯೇಟ್ ವೀಸಾ ಸಿಕ್ಕ ಮೇಲೆ ಧಾರಾಳವಾಗಿ ಮಾಡಬಹುದು.

ತೆರಿಗೆ ಲೆಕ್ಕ. ವ್ಯಾಪಾರಕ್ಕೆ ಅನುಮತಿ ಇರುವವರು ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರೊಳಗೆ 1,000 ಪೌಂಡ್ ದಾಟಿದರೆ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ತಿಳಿಸಬೇಕು. ಇಲ್ಲಿ ಎಣಿಸೋದು ಒಟ್ಟು ಮಾರಾಟವನ್ನು, ಲಾಭವನ್ನಲ್ಲ. 60 ಕೋಟುಗಳನ್ನು ತಲಾ 5ಕ್ಕೆ ಕೊಂಡು 20ಕ್ಕೆ ಮಾರಿದರೆ ಲಾಭ 900, ಆದರೆ ಮಾರಾಟ 1,200. ಮಿತಿ ದಾಟಿತು!

ಯಾರಿಗೆ ಗೊತ್ತಾಗುತ್ತೆ ಅಂತೀರಾ? 2024ರಿಂದ ವರ್ಷಕ್ಕೆ 30 ಅಥವಾ ಹೆಚ್ಚು ವಸ್ತು ಮಾರಿದವರ ವಿವರವನ್ನು ಇಂಥ ಆ್ಯಪ್‌ಗಳೇ ಎಚ್‌ಎಂಆರ್‌ಸಿಗೆ ಕೊಡುತ್ತವೆ.

ಹಾಗಾಗಿ ಸ್ನೇಹಿತರೇ, ಅಗ್ಗದ ಕೋಟು ಕೊಳ್ಳಿ, ಬೆಚ್ಚಗಿರಿ, ಊರಿಗೆ ಹೊರಡುವಾಗ ಮಾರಿಬಿಡಿ. ಅದಕ್ಕಿಂತ ಮುಂದೆ ಹೋಗುವ ಮೊದಲು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಕೇಳಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.