ನಳಿಗೆಯೊಳಗಿನ ತಿರುಪು: ಗುಂಡು ಯಾಕೆ ತಿರುಗುತ್ತಾ ಹೋಗಬೇಕು?



ಚಾಟಿ ಸುತ್ತಿ ಬಿಟ್ಟ ಬುಗುರಿ ಮೊಳೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ತಿರುಗುವುದು ನಿಂತರೆ ಉರುಳಿ ಬೀಳುತ್ತದೆ. ವೇಗವಾಗಿ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬುಗುರಿಯ ಈ ಗುಣವೇ ಹಳೆಯ ಕಾಲದ ರೈಫಲಿನ ಗುಟ್ಟು. ಅದನ್ನು ಈ ಪಾಠದಲ್ಲಿ ಬಿಡಿಸಿ ನೋಡೋಣ.

ಬಾಯಿಯಿಂದ ತುಂಬುವ ಕೋವಿ

ಈಗಿನ ಬಂದೂಕಿಗೆ ತೋಟೆಯನ್ನು ಹಿಂದಿನಿಂದ ಹಾಕುತ್ತಾರೆ. ಹಳೆಯ ಕೋವಿ ಹಾಗಲ್ಲ. ನಳಿಗೆಯ ಬಾಯಿಯಿಂದ ಮೊದಲು ಮದ್ದು, ಆಮೇಲೆ ಗುಂಡು ಹಾಕಿ, ಉದ್ದದ ಕೋಲಿನಿಂದ ಕೆಳಗಿನವರೆಗೆ ತಳ್ಳಬೇಕು. ಮಲೆನಾಡಿನ ಕಡೆ 'ಕೇಪಿನ ಕೋವಿ' ಅಂತ ಕರೆಯುವುದು ಇದೇ ಜಾತಿಯದನ್ನು. ಅಮೆರಿಕದಲ್ಲಿ ಇಂಥ ಕೋವಿಗಳನ್ನು ಹಳೆಯ ಪದ್ಧತಿಯಂತೆ ಮಾಡುವುದು, ಕೆಟ್ಟದ್ದನ್ನು ದುರಸ್ತಿ ಮಾಡುವುದು, ಗುರಿ ಹೊಡೆಯುವುದು ಒಂದು ದೊಡ್ಡ ಹವ್ಯಾಸ. ಇದಕ್ಕಾಗಿಯೇ 1933ರಲ್ಲಿ ಅಲ್ಲೊಂದು ರಾಷ್ಟ್ರೀಯ ಸಂಘ ಹುಟ್ಟಿತು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರಿನಲ್ಲಿ ಅದರ ಸ್ಪರ್ಧೆಗಳು ನಡೆಯುತ್ತವೆ.

ನುಣುಪು ನಳಿಗೆಯ ತೊಂದರೆ

ನಳಿಗೆಯ ಒಳಗು ನುಣುಪಾಗಿದ್ದರೆ ಗುಂಡು ನೇರ ಹೋಗಬೇಕಲ್ವಾ? ಹೋಗುವುದಿಲ್ಲ! ಸಡಿಲವಾಗಿರುವ ಗುಂಡು ಹೊರಬರುವಾಗ ಯಾವುದಾದರೊಂದು ಗೋಡೆಗೆ ಉಜ್ಜುತ್ತದೆ. ಉಜ್ಜಿದ ಕಡೆ ಘರ್ಷಣೆ, ಅದರಿಂದ ತಿರುಗು. ಒಂದು ಸಲ ಬಲಗೋಡೆ, ಇನ್ನೊಂದು ಸಲ ಎಡಗೋಡೆ. ಆದ್ದರಿಂದ ಪ್ರತಿ ಗುಂಡೂ ಬೇರೆ ಬೇರೆ ರೀತಿ ತಿರುಗಿ, ಗಾಳಿಯಲ್ಲಿ ಬೇರೆ ಬೇರೆ ಕಡೆಗೆ ಬಾಗುತ್ತದೆ. ಸ್ಪಿನ್ ಬೌಲರ್ ಎಸೆದ ಚೆಂಡು ಪಿಚ್ ಮುಟ್ಟುವ ಮೊದಲೇ ಪಕ್ಕಕ್ಕೆ ಸರಿಯುವುದನ್ನು ನೋಡಿದ್ದೀರಲ್ಲ, ಅದೇ ಇದು. ಇದಕ್ಕೆ ಈಗ 'ಮ್ಯಾಗ್ನಸ್ ಪರಿಣಾಮ' ಎನ್ನುತ್ತಾರೆ.

ಆದರೆ ಮ್ಯಾಗ್ನಸ್‌ಗಿಂತ ನೂರು ವರ್ಷ ಮೊದಲೇ ಇದನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ಅವರು ಒಂದು ನಳಿಗೆಯ ಬಾಯಿಯನ್ನು ಬೇಕೆಂದೇ ಸ್ವಲ್ಪ ಎಡಕ್ಕೆ ಬಗ್ಗಿಸಿದರು. ಎದುರಿಗೆ ತೆಳು ಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿ ಗುಂಡು ಹಾರಿಸಿದರು. ಗುಂಡು ಮೊದಲು ಎಡಕ್ಕೆ ಹೊರಟಿತು. ಮುಂದೆ ಹೋದಂತೆ ಬಲಕ್ಕೆ ತಿರುಗಿತು! ಯಾಕೆ? ಬಾಗಿದ ಜಾಗದಲ್ಲಿ ಗುಂಡು ಬಲಗೋಡೆಗೆ ಒತ್ತಿಕೊಂಡು ಉರುಳಿತು. ಆ ತಿರುಗೇ ಅದನ್ನು ಬಲಕ್ಕೆ ಎಳೆಯಿತು. ಪರದೆಗಳ ತೂತುಗಳೇ ಸಾಕ್ಷಿ. ಇದೇ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೆ ಬಂದು, 1751ರಲ್ಲಿ ತಮಿಳುನಾಡಿನ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಮಾಡಿ ನೋಡಿ: ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಅಂಟಿಸಿ. ಮೇಜಿನ ಮೇಲೆ ಓರೆಯಾಗಿಟ್ಟ ಹಲಗೆಯಿಂದ ಉರುಳಿಸಿ, ಮೇಜಿನ ಅಂಚಿನಿಂದ ಕೆಳಗೆ ಬೀಳಲು ಬಿಡಿ. ಅದು ಮುಂದಕ್ಕೆ ಹೋಗಿ ಬೀಳುವ ಬದಲು ಹಿಂದಕ್ಕೆ ಬಾಗಿ ಮೇಜಿನ ಅಡಿಗೇ ಬರುತ್ತದೆ. ಇಲ್ಲಿ ಕೊಳವೆಯನ್ನು ಬಗ್ಗಿಸಿದ್ದೂ ಅದರ ತಿರುಗೇ.

ತಿರುಗನ್ನು ತಪ್ಪಿಸಲಾಗದಿದ್ದರೆ?

ತಿರುಗು ಹೇಗೂ ಬರುತ್ತದೆ. ಹಾಗಿದ್ದರೆ ನಮಗೆ ಬೇಕಾದ ತಿರುಗನ್ನೇ ಕೊಟ್ಟರಾಯಿತು! ನಳಿಗೆಯ ಒಳಗೆ ಸ್ಕ್ರೂ ತಿರುಪಿನಂತೆ ಉದ್ದಕ್ಕೂ ಗೀರು ಕೊರೆದರೆ ಗುಂಡು ಆ ಗೀರುಗಳನ್ನು ಹಿಡಿದು ತಿರುಗುತ್ತಾ ಹೊರಬರುತ್ತದೆ. ಆಗ ಅದರ ಅಕ್ಷವೂ ಅದು ಹೋಗುವ ದಿಕ್ಕೂ ಒಂದೇ. ಅಕ್ಷ ಹೀಗೆ ಇದ್ದಾಗ ಪಕ್ಕಕ್ಕೆ ತಳ್ಳುವ ಮ್ಯಾಗ್ನಸ್ ಬಲ ಹುಟ್ಟುವುದಿಲ್ಲ. ಬುಗುರಿಯಂತೆ ಗುಂಡು ತನ್ನ ಅಕ್ಷವನ್ನು ಕಾಯ್ದುಕೊಳ್ಳುತ್ತದೆ. ಗೀರು ಇರುವ ಈ ಕೋವಿಯೇ ರೈಫಲ್.

ಅಮೆರಿಕದ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗಸ್ಲರ್ ಎಂಬ ಕುಶಲಕರ್ಮಿ ಇಡೀ ರೈಫಲನ್ನು 18ನೇ ಶತಮಾನದ ರೀತಿ ಕೈಯಿಂದಲೇ ಮಾಡಿದ್ದನ್ನು 1969ರ ಒಂದು ಚಲನಚಿತ್ರ ತೋರಿಸುತ್ತದೆ. ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಕೊಳವೆ ಮಾಡುವುದರಿಂದ ಕೆಲಸ ಶುರು. ಗೀರನ್ನು ಒಂದೇ ಸಲಕ್ಕೆ ಕೊರೆಯುವುದಿಲ್ಲ. ಪ್ರತಿ ಎಳೆತಕ್ಕೂ ಕೂದಲೆಳೆಯಷ್ಟು ಲೋಹ ಮಾತ್ರ ಬರುತ್ತದೆ. ತಾಳ್ಮೆಯೇ ಇಲ್ಲಿ ಮುಖ್ಯ ಉಪಕರಣ.

ಬಿಗಿಯೂ ಬೇಕು, ಸಡಿಲವೂ ಬೇಕು

ಈಗ ಒಂದು ಇಕ್ಕಟ್ಟು. ಗುಂಡು ಗೀರನ್ನು ಹಿಡಿಯಬೇಕಾದರೆ ಬಿಗಿಯಾಗಿರಬೇಕು. ಬಾಯಿಯಿಂದ ತಳ್ಳಿ ತುಂಬಬೇಕಾದರೆ ಸಡಿಲವಾಗಿರಬೇಕು. ಎರಡೂ ಒಟ್ಟಿಗೆ ಹೇಗೆ?

ಮೊದಲ ಉತ್ತರ ಬಟ್ಟೆ. ನಳಿಗೆಯ ಒಳವ್ಯಾಸ 12.7 ಮಿ.ಮೀ. ಇದ್ದರೆ 12.45 ಮಿ.ಮೀ. ವ್ಯಾಸದ ಸೀಸದ ಗುಂಡನ್ನು ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ತಳ್ಳುತ್ತಾರೆ. ಗುಂಡು ಗೀರನ್ನು ಮುಟ್ಟುವುದೇ ಇಲ್ಲ. ಬಟ್ಟೆ ಗೀರನ್ನೂ ಹಿಡಿಯುತ್ತದೆ, ಗುಂಡನ್ನೂ ಹಿಡಿಯುತ್ತದೆ. ಆದರೆ ತುಂಬಲು ಹೊತ್ತು ಹಿಡಿಯುತ್ತದೆ.

ಎರಡನೆಯ ಉತ್ತರ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಅವರದು. 1840ರ ದಶಕದಲ್ಲಿ ಅವರು ಮಾಡಿದ ಉದ್ದನೆಯ ಗುಂಡಿನ ಬುಡ ಟೊಳ್ಳು. ತುಂಬುವಾಗ ಸಡಿಲ, ಮದ್ದು ಹೊತ್ತಿದಾಗ ಅನಿಲದ ಒತ್ತಡಕ್ಕೆ ಬುಡ ಅರಳಿ ಗೀರಿಗೆ ಕಚ್ಚಿಕೊಳ್ಳುತ್ತದೆ. ಇದೇ ತತ್ತ್ವದ ಗುಂಡು 1853ರ ಎನ್‌ಫೀಲ್ಡ್ ರೈಫಲಿಗೆ ಬಂತು. ಸಲೀಸಾಗಿ ಒಳಗೆ ಇಳಿಯಲೆಂದು ಅದರ ಕಾಗದದ ತೋಟೆಗೆ ಕೊಬ್ಬು ಸವರುತ್ತಿದ್ದರು. ಆ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ದನದ ಕೊಬ್ಬು, ಹಂದಿಯ ಕೊಬ್ಬು ಎಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿ 1857ರ ಬಂಡಾಯಕ್ಕೆ ಕಿಡಿ ಬಿದ್ದ ಕಥೆಯನ್ನು ಸಮಾಜ ವಿಜ್ಞಾನದಲ್ಲಿ ಓದಿದ್ದೀರಿ. ಆ ಕೊಬ್ಬು ಅಲ್ಲಿಗೆ ಯಾಕೆ ಬಂತು ಎಂಬುದು ಈಗ ತಿಳಿಯಿತಲ್ಲ?

ಲೆಕ್ಕ ಮಾಡೋಣ

ಗೀರು 1.2 ಮೀಟರಿಗೆ ಒಂದು ಪೂರ್ತಿ ಸುತ್ತು ಹಾಕುತ್ತದೆ, ಗುಂಡು ಸೆಕೆಂಡಿಗೆ 450 ಮೀಟರ್ ವೇಗದಲ್ಲಿ ಹೊರಬರುತ್ತದೆ ಎಂದಿಟ್ಟುಕೊಳ್ಳಿ. 450 ÷ 1.2 = 375. ಅಂದ್ರೆ ಸೆಕೆಂಡಿಗೆ 375 ಸುತ್ತು! ತರಗತಿಯ ಫ್ಯಾನು ಸೆಕೆಂಡಿಗೆ ಐದಾರು ಸುತ್ತು ಹಾಕಿದರೆ ಹೆಚ್ಚು.

ಗುಂಡಿನ ರಾಶಿ ಸುಮಾರು 11.5 ಗ್ರಾಂ. ಸಂವೇಗ = 0.0115 × 450 = ಸುಮಾರು 5.2 ಕಿ.ಗ್ರಾಂ. ಮೀ./ಸೆ. ರೈಫಲಿನ ರಾಶಿ 4 ಕಿ.ಗ್ರಾಂ. ಆದರೆ ಅದು ಸೆಕೆಂಡಿಗೆ 1.3 ಮೀಟರ್ ವೇಗದಲ್ಲಿ ಹೆಗಲಿಗೆ ಒದೆಯುತ್ತದೆ. ಅನಿಲದ ಪಾಲೂ ಸೇರಿದರೆ ಒದೆತ ಇನ್ನೂ ಹೆಚ್ಚು.

ದುರಸ್ತಿಯ ರಸಾಯನಶಾಸ್ತ್ರ

ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್ ಮುಖ್ಯ. ಈ ಮಸಿ ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಈ ಲವಣಗಳು ನೀರಿನಲ್ಲಿ ಕರಗುತ್ತವೆ. ಅದಕ್ಕೇ ಹವ್ಯಾಸಿಗಳು ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಸವರಿಡುತ್ತಾರೆ.

ಎಚ್ಚರಿಕೆ: ನಿಮ್ಮ ಮನೆಯ ಅಥವಾ ನೆಂಟರ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕೋವಿ ಸಿಕ್ಕರೆ ಮುಟ್ಟಬೇಡಿ. ಬಾಯಿಯಿಂದ ತುಂಬುವ ಕೋವಿಯೊಳಗೆ ಮದ್ದು, ಗುಂಡು ಇದೆಯೋ ಇಲ್ಲವೋ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಒಣಗಿರುವ ಕರಿಮದ್ದು ಎಷ್ಟೋ ದಶಕಗಳ ಮೇಲೂ ಹೊತ್ತಿಕೊಳ್ಳಬಲ್ಲದು. ತುಕ್ಕು ಹಿಡಿದಿದೆ ಅಂತ ಅದು ಸತ್ತಿಲ್ಲ. ದೊಡ್ಡವರಿಗೆ ಹೇಳಿ; ಅವರು ಪೊಲೀಸರಿಗೆ ತಿಳಿಸಲಿ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದು ಅಪರಾಧ. ಈ ಪಾಠದ ಪ್ರಯೋಗಕ್ಕೆ ಹಾಳೆ, ಹಲಗೆ, ಬುಗುರಿ ಸಾಕು.

ಯೋಚಿಸಿ, ಉತ್ತರ ಬರೆಯಿರಿ

1. ಗೀರು 1.5 ಮೀಟರಿಗೆ ಒಂದು ಸುತ್ತು ಹಾಕಿದರೆ, ಅದೇ ವೇಗದ ಗುಂಡು ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ?
2. ರಾಬಿನ್ಸ್ ನಳಿಗೆಯ ಬಾಯಿಯನ್ನು ಬಲಕ್ಕೆ ಬಗ್ಗಿಸಿದ್ದರೆ ಗುಂಡು ಕೊನೆಗೆ ಯಾವ ಕಡೆಗೆ ಬಾಗುತ್ತಿತ್ತು? ಕಾರಣ ಕೊಡಿ.
3. ಮಸಿ ತೊಳೆಯದೆ ಗುಂಡು ಹಾರಿಸುತ್ತಲೇ ಹೋದರೆ ತುಂಬುವುದು ಕಷ್ಟವಾಗುತ್ತಾ ಹೋಗುತ್ತದೆ. ಯಾಕೆ?
4. ಬಿಗಿಯೂ ಬೇಕು, ಸಡಿಲವೂ ಬೇಕು ಎನ್ನುವ ಇಕ್ಕಟ್ಟು ನಿಮ್ಮ ಮನೆಯ ಯಾವ ಸಾಮಾನಿನಲ್ಲಿದೆ? ಸೈಕಲ್ ಪಂಪಿನ ವಾಷರನ್ನು ಬಿಚ್ಚಿ ನೋಡಿ, ಮಿನಿಯೆ ಗುಂಡಿನ ಬುಡಕ್ಕೆ ಹೋಲಿಸಿ ಬರೆಯಿರಿ.